ಮೊದಲು ಸಹಿ, ಆಮೇಲೆ ಕಾಫಿ

ಎದುರುಮನೆ ಮಾವನ ಬಲಗೈ ತೋರುಬೆರಳಿನ ಉಗುರಿನ ಸುತ್ತ ಒಂದು ತಿಳಿನೀಲಿ ಅಂಚಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅದು ಮೈಲುತುತ್ತದ ಕಲೆ. ಹರೆಯದಲ್ಲಿ ಪಕ್ಷದ ಪೋಸ್ಟರ್ ಅಂಟಿಸುತ್ತ ಗೋಡೆಯಿಂದ ಗೋಡೆಗೆ ಅಲೆದ ಮನುಷ್ಯ ಅವರು. ಮೈದಾಹಿಟ್ಟಿನ ಗೋಂದಿಗೆ ಒಂದು ಚಿಟಿಕೆ ಮೈಲುತುತ್ತ ಬೆರೆಸಿದರೆ ಹುಳ ಹಿಡಿಯುವುದಿಲ್ಲ, ಇಲಿ ಮುಟ್ಟುವುದಿಲ್ಲ, ಬೀದಿಯ ಹಸುವೂ ನಾಲಗೆ ಚಾಚುವುದಿಲ್ಲ ಎಂದು ಹೇಳುತ್ತಿದ್ದರು. ಪಕ್ಷದ ರಾಜ್ಯ ಕಚೇರಿಯಲ್ಲಿ ಕಾರ್ಯದರ್ಶಿ ಎಂದು ಮೇಜು ಕುರ್ಚಿ ಸಿಕ್ಕ ಮೇಲೂ ಈ ಗೋಂದಿನ ಸಹವಾಸ ಬಿಡಲಿಲ್ಲ. ಅತ್ತೆ, ಎಂದರೆ ಅವರ ಹೆಂಡತಿ, ಅದಕ್ಕೆಂದೇ ಒಂದು ಹಳೆಯ ಪಾತ್ರೆಯನ್ನು ಬಚ್ಚಲಮನೆಯಲ್ಲಿ ಬೇರೆ ಇಟ್ಟಿದ್ದರು. ಚುನಾವಣೆಯ ದಿನ ಮತಗಟ್ಟೆಯವರು ಎಡಗೈ ಬೆರಳಿಗೆ ಶಾಯಿ ಹಚ್ಚುವಾಗ ಬಲಗೈ ನೋಡಿ, "ಏನ್ ಸಾರ್, ಆಗಲೇ ಒಂದ್ ಹಾಕ್ಬಿಟ್ಟು ಬಂದಂಗಿದೆ" ಎಂದು ತಮಾಷೆ ಮಾಡುತ್ತಿದ್ದರಂತೆ.

ಬನಶಂಕರಿ ಎರಡನೇ ಹಂತದ ನಮ್ಮ ಬೀದಿಯಲ್ಲಿ ಅವರ ಕೆಲಸ ಏನು ಎಂದು ಸರಿಯಾಗಿ ಗೊತ್ತಿದ್ದವಳು ಬಹುಶಃ ನಾನೊಬ್ಬಳೇ. ಸದನದಲ್ಲಿ ಮತ ಹಾಕುವ ದಿನ ಬಂದಾಗ ಪಕ್ಷ ತನ್ನ ಶಾಸಕರಿಗೆಲ್ಲ ಹೀಗೇ ಮತ ಹಾಕಬೇಕು ಎಂದು ಒಂದು ಆಜ್ಞೆ ಕಳಿಸುತ್ತದೆ. ಅದಕ್ಕೆ ವಿಪ್ ಎನ್ನುತ್ತಾರೆ. ಮೀರಿದವನ ಶಾಸಕ ಸ್ಥಾನವೇ ಹೋಗಬಹುದು. ಆದರೆ ಆ ಕಾಗದ ನನ್ನ ಕೈಸೇರಲೇ ಇಲ್ಲ ಎಂದು ಅವನು ಹೇಳಿಬಿಟ್ಟರೆ, ಕೈಸೇರಿತ್ತು ಎನ್ನುವುದಕ್ಕೆ ಸಾಕ್ಷಿ ಇಲ್ಲದೆ ಹೋದರೆ, ಮುಗಿಯಿತು, ಯಾರೂ ಅವನ ಕೂದಲು ಕೊಂಕಿಸಲಾರರು. ಆದ್ದರಿಂದ ಕಾಗದವನ್ನು ಕೈಗೆ ಕೊಟ್ಟು ಸಹಿ ಪಡೆಯಬೇಕು. ಸಿಗದಿದ್ದರೆ ಮನೆ ಬಾಗಿಲಿಗೆ ಅಂಟಿಸಿ, ಇಬ್ಬರು ಸಾಕ್ಷಿಗಳ ಮುಂದೆ ಮಹಜರು ಬರೆಯಬೇಕು. ಈ ಕೆಲಸಕ್ಕೆ ಪಕ್ಷದಲ್ಲಿ ನಂಬಿಕೆಯ ಆಳು ಎಂದರೆ ನಮ್ಮ ಎದುರುಮನೆ ಮಾವ.

ಅವರದು ಒಂದೇ ನಿಯಮ: ಮೊದಲು ಸಹಿ, ಆಮೇಲೆ ಕಾಫಿ. ಶಾಸಕರ ಮನೆಯಲ್ಲಿ ಸಹಿ ಬೀಳುವ ತನಕ ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. "ಅವರ ಕಾಫಿ ಒಳಗೆ ಹೋಯ್ತು ಅಂದ್ರೆ ನಮ್ಮ ನಾಲಗೆ ಮೆತ್ತಗಾಗುತ್ತೆ ಕಣಮ್ಮ" ಎನ್ನುತ್ತಿದ್ದರು. ಒಮ್ಮೆ ಒಬ್ಬ ಶಾಸಕರ ಮನೆಯವರು "ಸಾಹೇಬರು ಸ್ನಾನಕ್ಕೆ ಹೋಗಿದಾರೆ" ಎಂದರಂತೆ. ಮಾವ ಮೆಟ್ಟಿಲ ಮೇಲೆ ಕುಳಿತು ಪೇಪರನ್ನು ಮೊದಲಿಂದ ಕೊನೆಯವರೆಗೆ ಓದಿ, ಮಡಿಸಿ, ಮತ್ತೆ ಮೊದಲಿಂದ ಶುರುಮಾಡಿದರು. ಮಧ್ಯಾಹ್ನದ ಹೊತ್ತಿಗೆ ಸಾಹೇಬರು ಬೇರೆ ದಾರಿ ಕಾಣದೆ ಬಕೆಟ್ ನೀರು ಸುರಿದುಕೊಂಡು ತಲೆಯಿಂದ ತೊಟ್ಟಿಕ್ಕುತ್ತ ಹೊರಗೆ ಬಂದರು. "ನೆಗಡಿ ಆಗುತ್ತೆ ಸಾರ್, ಬೇಗ ಸಹಿ ಮಾಡ್ಬಿಟ್ಟು ತಲೆ ಒರೆಸ್ಕೊಳ್ಳಿ" ಎಂದು ಮಾವ ಪೆನ್ನು ಮುಂದೆ ಮಾಡಿದರಂತೆ. ಇದನ್ನು ಹೇಳುವಾಗ ಅವರು ನಗುತ್ತಿರಲಿಲ್ಲ, ನಗುವ ಕೆಲಸವನ್ನು ನಮಗೆ ಬಿಡುತ್ತಿದ್ದರು.

ನಾನು ವಕೀಲೆಯಾಗಿದ್ದು ಅವರಿಂದ. ಬಿ.ಎ. ಮುಗಿದ ಕೂಡಲೇ ಮದುವೆ ಮಾಡುವ ಆತುರ ನಮ್ಮಪ್ಪನಿಗೆ. ಮಾವ ಒಂದು ಭಾನುವಾರ ನಮ್ಮ ಜಗಲಿಯಲ್ಲಿ ಕುಳಿತು, "ಇವಳ ಬಾಯಿಗೆ ಗಂಡನ ಮನೆ ಸಾಲಲ್ಲ ಸಾರ್, ಮೊದಲು ಕೋರ್ಟಿಗೆ ಕಳ್ಸಿ" ಎಂದು ಹೇಳಿ ಅಪ್ಪನನ್ನು ಒಪ್ಪಿಸಿದರು. ಕಾನೂನು ಕಾಲೇಜಿಗೆ ಸೇರಿದ ವರ್ಷ ವಿಧಾನಸೌಧದ ಪ್ರೇಕ್ಷಕರ ಗ್ಯಾಲರಿಗೆ ಪಾಸು ತಂದುಕೊಟ್ಟರು. ಕೆಳಗೆ ಕೆಲವು ಶಾಸಕರು ತೂಕಡಿಸುತ್ತಿದ್ದುದನ್ನು ನೋಡಿ ನಾನು ನಕ್ಕಾಗ ಮೊಣಕೈಯಿಂದ ತಿವಿದು ಸುಮ್ಮನಾಗಿಸಿದರು. "ಅವರು ನಿದ್ದೆ ಮಾಡಲಿ. ಕೈ ಎತ್ತೋ ಹೊತ್ತಿಗೆ ಸರಿಯಾದ ಕಡೆ ಎತ್ತಲಿ, ಸಾಕು" ಎಂದರು. ಮಹಜರು ಬರೆಯುವುದನ್ನು ನಾನು ಕಲಿತಿದ್ದು ಅವರ ಜಗಲಿಯಲ್ಲಿ, ಕಾಲೇಜಿನಲ್ಲಲ್ಲ. "ಕಣ್ಣಾರೆ ನೋಡದೇ ಇರೋದಕ್ಕೆ ಸಹಿ ಹಾಕ್ಬೇಡ. ನೋಡಿದ್ದಕ್ಕೆ ಹಾಕಿದ ಮೇಲೆ ಯಾರಪ್ಪ ಬಂದ್ರೂ ಇಲ್ಲ ಅನ್ಬೇಡ." ಈ ಮಾತು ಆಡಿದವರು ಅವರೇ. ನೆನಪಿಟ್ಟುಕೊಂಡ ತಪ್ಪು ನನ್ನದು.

ತೊಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ. ಮಾರನೆಯ ದಿನ ಸದನದಲ್ಲಿ ವಿಶ್ವಾಸಮತ. ಮಾವನ ಪಕ್ಷದ ಒಬ್ಬ ಶಾಸಕ ಮೂರು ದಿನದಿಂದ ಕಾಣೆಯಾಗಿದ್ದ. ದೂರದ ತಾಲ್ಲೂಕಿನಿಂದ ಗೆದ್ದು ಬಂದು ಜೆ.ಪಿ. ನಗರದಲ್ಲಿ ಮನೆ ಕಟ್ಟಿಸಿದ್ದವನು. ಅವನ ಮೊದಲ ಚುನಾವಣೆಗೆ ಮಾವನೇ ಊರೂರು ತಿರುಗಿ ಪೋಸ್ಟರ್ ಅಂಟಿಸಿದ್ದರು. "ಬಾರಮ್ಮ, ಪುಸ್ತಕದಲ್ಲಿ ಓದಿದ್ದು ಸಾಕು, ಇವತ್ತು ಸಾಕ್ಷಿ ಆಗು" ಎಂದು ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡರು. ಗೋಂದಿನ ಡಬ್ಬಿ ನನ್ನ ತೊಡೆಯ ಮೇಲೆ ಇನ್ನೂ ಬೆಚ್ಚಗಿತ್ತು.

ಶಾಸಕನ ಹೆಂಡತಿ ಅರ್ಧ ತೆರೆದ ಬಾಗಿಲಿನ ಹಿಂದಿನಿಂದಲೇ ನಕ್ಕರು. "ಅವರು ದೇವಸ್ಥಾನಕ್ಕೆ ಹೋಗಿದಾರೆ, ಯಾವ ಊರೋ ಗೊತ್ತಿಲ್ಲ. ಬನ್ನಿ ಒಳಗೆ, ಕಾಫಿ ಕುಡ್ಕೊಂಡ್ ಹೋಗಿ."

"ಕಾಫಿ ಆಮೇಲೆ ತಾಯಿ. ಅವರ ಪರವಾಗಿ ನೀವು ಸಹಿ ಮಾಡ್ತೀರಾ?"

"ಅಯ್ಯೋ, ನಂಗದೆಲ್ಲ ಏನ್ ಗೊತ್ತಾಗುತ್ತೆ" ಎಂದು ಬಾಗಿಲು ಹಾಕಿಕೊಂಡರು.

ಮಾವ ತೇಗದ ಬಾಗಿಲಿಗೆ ಬೆರಳಿನಿಂದಲೇ ಗೋಂದು ಹಚ್ಚಿ, ನೋಟಿಸನ್ನು ಇಟ್ಟು, ನಡುವಿನಿಂದ ಅಂಚಿಗೆ ಗಾಳಿ ಇಲ್ಲದಂತೆ ಒತ್ತಿದರು. ಮದುವೆ ಮನೆಯಲ್ಲಿ ಎಲೆ ಹಾಕುವವರಷ್ಟು ಶ್ರದ್ಧೆ. ನಾನು ನೋಡುತ್ತ ನಿಂತಿದ್ದೆ. ಇನ್ನೊಬ್ಬ ಸಾಕ್ಷಿ ಬೇಕಿತ್ತು. ಕಾಂಪೌಂಡಿನ ಎದುರಿಗೆ ಹೊಂಗೆ ಮರದ ಕೆಳಗೆ ಇಸ್ತ್ರಿ ಗಾಡಿ ಇತ್ತು. ಇಸ್ತ್ರಿ ಅಕ್ಕ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ನೋಡಿದ್ದಳು. ಅವಳ ಗಾಡಿಯ ಮೇಲೆ ಅದೇ ಶಾಸಕನ ಬಿಳಿ ಅಂಗಿಗಳು ಮಡಿಕೆಯಾಗಿ ಕುಳಿತಿದ್ದವು.

"ಬ್ಯಾಡ ಸಾರ್, ದೊಡ್ಡೋರ ವಿಷ್ಯ. ನಂಗ್ ಓದಕ್ಕೂ ಬರಲ್ಲ" ಎಂದಳು.

ನಾನು ಮುಂದೆ ಬಿದ್ದು ಮಹಜರನ್ನು ಓದಿ ಹೇಳಿದೆ. ಇದರಲ್ಲಿ ಇರುವುದಿಷ್ಟೇ, ಈ ಹೊತ್ತಿಗೆ ಈ ಬಾಗಿಲಿಗೆ ಕಾಗದ ಅಂಟಿಸಿದ್ದನ್ನು ನೀವು ನೋಡಿದಿರಿ ಎಂದು. "ಏನೂ ಆಗಲ್ಲ ಅಕ್ಕ, ಕಾನೂನು ಇದೆ" ಎಂದೆ. ಇಪ್ಪತ್ತೆರಡು ವರ್ಷದವಳ ಧೈರ್ಯ, ಅದೂ ಬೇರೆಯವರ ಹೊಟ್ಟೆಪಾಡಿನ ಮೇಲೆ. ಅವಳು ಮಾವನ ಸ್ಟಾಂಪ್ ಪ್ಯಾಡಿನಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದಳು. ಇಸ್ತ್ರಿಯ ಕಾವಿಗೆ ಹೆಬ್ಬೆರಳಿನ ಗೆರೆಗಳೆಲ್ಲ ಸವೆದು ನುಣುಪಾಗಿದ್ದವು, ಕಾಗದದ ಮೇಲೆ ಬರೀ ಒಂದು ಕಪ್ಪು ಚುಕ್ಕೆ ಮೂಡಿತು. ಅದರ ಮೇಲೆ ನನ್ನ ಸಹಿ. ಕಾನೂನಿನ ಕಾಗದವೊಂದರ ಮೇಲೆ ನಾನು ಹಾಕಿದ ಮೊದಲ ಸಹಿ ಅದು. ಹೆಮ್ಮೆಯಿಂದ ಹೆಸರನ್ನು ಪೂರ್ತಿ ಬರೆದೆ.

ಮಾರನೆಯ ದಿನ ಆ ಶಾಸಕ ಸದನಕ್ಕೆ ಬಂದು ಸ್ವಂತ ಪಕ್ಷದ ವಿರುದ್ಧ ಕೈ ಎತ್ತಿದ. ಪಕ್ಷ ಆ ಮಹಜರಿನ ಸಮೇತ ಅವನ ಸ್ಥಾನ ರದ್ದು ಮಾಡಬೇಕೆಂದು ಸಭಾಧ್ಯಕ್ಷರಿಗೆ ಅರ್ಜಿ ಕೊಟ್ಟಿತು. "ವಿಪ್ ನನ್ನ ಕೈಸೇರಿಲ್ಲ, ಆ ದಿನ ನಾನು ಊರಲ್ಲೇ ಇರಲಿಲ್ಲ" ಎಂದು ಅವನು ಉತ್ತರ ಕೊಟ್ಟ. ಒಂದು ವಾರ ಕಳೆಯುವುದರೊಳಗೆ ಇಬ್ಬರು ಗಂಡಸರು ಬಂದು ಹೊಂಗೆ ಮರದ ಕೆಳಗಿನ ಇಸ್ತ್ರಿ ಗಾಡಿಯನ್ನು ಎತ್ತಿಸಿದರು. ಸಾಹೇಬರ ಅಂಗಿ ಇಸ್ತ್ರಿ ಮಾಡಿಕೊಂಡು ಸಾಹೇಬರ ಮೇಲೇ ಹೆಬ್ಬೆಟ್ಟು ಒತ್ತಿದ್ದೀಯಲ್ಲ ಎಂದು ಬೈದರಂತೆ. ಸುದ್ದಿ ಕೇಳಿದ ದಿನ ಮಾವ ರಾತ್ರಿ ಊಟ ಬಿಟ್ಟರು ಎಂದು ಅತ್ತೆ ಹೇಳಿದರು. "ಕೇಸು ಗೆಲ್ಲಲಿ, ಅದೇ ಮರದ ಕೆಳಗೆ ಆ ಗಾಡಿ ನಿಲ್ಲಿಸ್ದೆ ಇದ್ರೆ ನನ್ನ ಹೆಸರು ಬದಲಾಯಿಸು" ಎಂದು ನನ್ನ ಮುಂದೆ ಆಣೆ ಮಾಡಿದರು. ನಾನು ನಂಬಿದೆ. ಇಸ್ತ್ರಿ ಅಕ್ಕನಿಗೂ ಹೋಗಿ ಹೇಳಿದೆ. ಅವಳು ಪುಟ್ಟೇನಹಳ್ಳಿಯ ಕೆರೆ ಕಡೆ ಯಾವುದೋ ಶೆಡ್ಡಿನ ಬಳಿ ಗಾಡಿ ನಿಲ್ಲಿಸಿಕೊಂಡಿದ್ದಳು. ಅಲ್ಲಿ ಇಸ್ತ್ರಿ ಅಂಗಿ ಹಾಕುವವರು ಆಗ ಬೆರಳೆಣಿಕೆಯಷ್ಟು ಜನ.

ವಿಚಾರಣೆ ಒಂದೂವರೆ ವರ್ಷ ಎಳೆಯಿತು. ಅಷ್ಟರಲ್ಲಿ ಮುಂದಿನ ಚುನಾವಣೆ ಹತ್ತಿರ ಬಂತು. ಆ ಶಾಸಕನ ಜಾತಿಯ ಓಟಿಲ್ಲದೆ ಆ ಸೀಮೆಯಲ್ಲಿ ಗೆಲ್ಲುವುದು ಆಗದ ಮಾತು ಎಂದು ಪಕ್ಷದ ಹಿರಿಯರಿಗೆ ಜ್ಞಾನೋದಯವಾಯಿತು. ಅವನಿಗೂ ಹೊಸ ಸ್ನೇಹಿತರ ಹತ್ತಿರ ಮರ್ಯಾದೆ ಕಡಿಮೆಯಾಗಿತ್ತು. ಒಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಅವನ ಕಾರು ಬಂದು ನಿಂತಿತು. ನಾನು ತುಳಸಿಗೆ ನೀರು ಹಾಕುತ್ತಿದ್ದೆ. ಎದುರುಮನೆಯ ಕಿಟಕಿ ತೆರೆದಿತ್ತು. ಶಾಸಕ, ಜೊತೆಗೆ ಪಕ್ಷದ ಒಬ್ಬ ಹಿರಿಯ, ಎದುರಿಗೆ ಮಾವ. ಅತ್ತೆ ಬೆಳ್ಳಿ ಲೋಟದಲ್ಲಿ ಕಾಫಿ ತಂದಿಟ್ಟರು. ಶಾಸಕ ಒಂದು ಲೋಟ ಎತ್ತಿ ತಾನೇ ಮಾವನ ಕೈಗೆ ಕೊಟ್ಟ. ಮಾವ ಕುಡಿದರು. ನನಗೆ ಆಗಲೇ ತಿಳಿಯಬೇಕಿತ್ತು.

ವಿಚಾರಣೆಯ ದಿನ ನಾನು ಅಮ್ಮನ ರೇಷ್ಮೆ ಸೀರೆ ಉಟ್ಟು ವಿಧಾನಸೌಧಕ್ಕೆ ಹೋದೆ. ಸಾಕ್ಷಿಗಳು ಹೊರಗೆ ಬೆಂಚಿನ ಮೇಲೆ ಕಾಯಬೇಕು. ಮೊದಲು ಮಾವನನ್ನು ಕರೆದರು. ನಾನು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ: ಎಷ್ಟು ಗಂಟೆ, ಯಾವ ಬಾಗಿಲು, ಎಷ್ಟು ಎತ್ತರದಲ್ಲಿ. ಮಾವ ಬೇಗನೆ ಹೊರಗೆ ಬಂದರು.

"ನಿನ್ನ ಕರೆಯಲ್ಲಮ್ಮ. ಬಾ, ಹೋಗೋಣ."

"ಯಾಕೆ ಮಾವ? ಮುಂದಕ್ಕೆ ಹಾಕಿದ್ರಾ?"

"ಇಲ್ಲ. ಮುಗೀತು."

ಅರ್ಧ ಮೆಟ್ಟಿಲು ಇಳಿದ ಮೇಲೆ, ನನ್ನ ಮುಖ ನೋಡದೆ ಹೇಳಿದರು. "ಅಂಟಿಸಿಲ್ಲ ಅಂದೆ. ನಾನು ಆ ಬಾಗಿಲಿಗೆ ಏನೂ ಅಂಟಿಸಿಲ್ಲ, ಮಹಜರು ಮನೇಲೇ ಕೂತು ಬರೆದಿದ್ದು ಅಂದೆ."

"ಮತ್ತೆ ನನ್ನ ಸಹಿ?"

"ಕೇಳಿದ್ರು. ಎದುರುಮನೆ ಹುಡುಗಿ, ನಾನು ಹೇಳಿದೆ ಅಂತ ಹಾಕಿದ್ಲು ಅಂದೆ."

"ಇಸ್ತ್ರಿ ಅಕ್ಕನ ಹೆಬ್ಬೆಟ್ಟು?"

ಮಾವ ಇಳಿಯುತ್ತಲೇ ಇದ್ದರು. ಕೆಳಗಿನ ಮೆಟ್ಟಿಲಿಗೆ ಬಂದ ಮೇಲೆ, "ಅರ್ಜಿ ವಾಪಸ್ ತಗೊಂಡ್ರೆ ಪೇಪರಿನವರು ಉಗೀತಾರಂತೆ. ಸಾಕ್ಷಿ ಬಿದ್ದೋದ್ರೆ ಯಾರ ಮೇಲೂ ಬರಲ್ಲವಂತೆ" ಎಂದರು. ಆಮೇಲೆ ಒಂದು ಮಾತು ಹೇಳಿದರು, ಅದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. "ನಲವತ್ತು ವರ್ಷ ಅವರಿಗೆಲ್ಲ ಹೇಳ್ಕೊಂಡು ಬಂದಿದೀನಿ ಕಣಮ್ಮ, ಪಕ್ಷ ಹೇಳಿದ್ದು ಮೀರಬಾರದು ಅಂತ. ಮೊನ್ನೆ ನನಗೇ ಹೇಳ್ತು. ನಾನ್ ಹ್ಯಾಗೆ ಮೀರ್ಲಿ?"

"ಮೀರಿದವನಿಗೆ ಟಿಕೆಟ್ಟು ಮಾವ. ನೋಡಿದ್ದನ್ನ ನೋಡಿದೆ ಅಂದವರು ಮೂರು ಜನವೂ ಸುಳ್ಳರು" ಎಂದೆ. ಅವರು ಮೊಪೆಡ್ ಹತ್ತಿರ ನಿಂತು ಕಾದರು. ನಾನು ಬಸ್ಸಿನಲ್ಲಿ ಬಂದೆ.

ಅರ್ಜಿ ವಜಾ ಆಯಿತು. ವಿಪ್ ತಲುಪಿದ್ದಕ್ಕೆ ಸಾಕ್ಷ್ಯ ಇಲ್ಲವಲ್ಲ! ನಾನು ಮಾವನ ಜೊತೆ ಮಾತು ಬಿಟ್ಟೆ. ಎದುರುಬದುರು ಮನೆ, ದಿನಾ ಮುಖ ಕಾಣಲೇಬೇಕು. ಅವರು ಗೇಟು ತೆಗೆಯುವ ಸದ್ದಾದರೆ ನಾನು ಒಳಗೆ ಹೋಗುತ್ತಿದ್ದೆ. ಹೀಗೆ ವರ್ಷಗಳು ನಡೆದವು. ಜನ ಪಕ್ಷಾಂತರಿಗಳನ್ನು ಬೈಯುವಾಗ ನನಗೆ ಒಳಗೊಳಗೇ ನಗು ಬರುತ್ತಿತ್ತು. ಹಾರುವವನಿಗೆ ಬೈಯುವುದು ಸುಲಭ. ಅವನು ಮರಳಿ ಬಂದು ಕೂರಲು ಕೊಂಬೆಯನ್ನು ಒರೆಸಿ ಇಟ್ಟವರು ಇಂಥ ನಿಷ್ಠಾವಂತರೇ. ನಿಯತ್ತು ಎನ್ನುವುದು ಎಷ್ಟು ಕೆಟ್ಟದಾಗಿ ಬಳಕೆಯಾಗಬಲ್ಲದು ಎಂಬುದನ್ನು ನಾನು ಕಂಡಿದ್ದು ಯಾವ ದುಷ್ಟನಲ್ಲೂ ಅಲ್ಲ. ನಾನು ಕಂಡ ಅತ್ಯಂತ ಪ್ರಾಮಾಣಿಕ ಮನುಷ್ಯನಲ್ಲಿ.

ಮಾವ ಮಾತ್ರ ಒಂದು ವಿಚಿತ್ರ ಅಭ್ಯಾಸ ಶುರುಮಾಡಿದ್ದರು. ನಮ್ಮ ಬೀದಿಯ ತುದಿಯಲ್ಲೇ ಇಸ್ತ್ರಿಯವನಿದ್ದ. ಇವರು ವಾರಕ್ಕೊಮ್ಮೆ ಅಂಗಿಗಳ ಗಂಟನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಪುಟ್ಟೇನಹಳ್ಳಿಗೆ ಹೋಗುತ್ತಿದ್ದರು. "ಏನ್ ಹುಚ್ಚೋ ಇವರದು, ನಾಲ್ಕು ಅಂಗಿಗೆ ಅಷ್ಟು ದೂರ" ಎಂದು ಅತ್ತೆ ನನ್ನ ಅಮ್ಮನ ಹತ್ತಿರ ಗೊಣಗುತ್ತಿದ್ದರು. ಒಮ್ಮೆ ನಾನು ಇಸ್ತ್ರಿ ಅಕ್ಕನನ್ನೇ ಕೇಳಿದೆ. "ಬರ್ತಾರೆ. ಇಸ್ತ್ರಿ ಮಾಡಿ ಕೊಡ್ತೀನಿ. ಕಾಸು ಕೊಡ್ತಾರೆ, ತಗೋತೀನಿ. ಮಾತಾಡಲ್ಲ" ಎಂದಳು.

ಆ ಶಾಸಕ ಗೆದ್ದ. ಮಾವನ ಪಕ್ಷದ ಚಿಹ್ನೆಯಲ್ಲೇ ಗೆದ್ದ, ಅದರ ಮುಂದಿನ ಸಲವೂ ಗೆದ್ದ. ಎರಡು ಸಾವಿರದ ದಶಕದ ನಡುವೆ ಮತ್ತೆ ಗಾಳಿ ತಿರುಗಿತು. ಈ ಸಲ ಅವನು ಬುದ್ಧಿವಂತನಾಗಿದ್ದ. ವಿಪ್ ಬರುವ ಮುಂಚೆಯೇ ಸ್ಥಾನಕ್ಕೆ ರಾಜೀನಾಮೆ ಬಿಸಾಕಿ, ಹೊಸ ಪಕ್ಷದ ಶಾಲು ಹೊದ್ದು, ಮಂತ್ರಿಯೂ ಆದ. ಬಾಗಿಲಿಗೆ ಏನನ್ನೂ ಅಂಟಿಸುವ ಅಗತ್ಯವೇ ಬೀಳಲಿಲ್ಲ. ಮಾವ ಹೇಳಿದ ಸುಳ್ಳು ಹೊಳೆಯಲ್ಲಿ ಹುಣಸೇಹಣ್ಣು ಕಿವುಚಿದ ಹಾಗಾಯಿತು.

ಆ ಸುದ್ದಿ ಬಂದ ಒಂದು ವಾರಕ್ಕೆ ಮಾವ ಜಯನಗರ ನಾಲ್ಕನೇ ಬ್ಲಾಕಿನ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ನನಗಾಗ ಮದುವೆಯಾಗಿ, ಸ್ವಂತ ಬೋರ್ಡು ಹಾಕಿ ಕೆಲವು ವರ್ಷವಾಗಿತ್ತು. ಅವರಿಗೆ ಏದುಸಿರು. ಕೂರುವ ಮೊದಲೇ ಚೀಲದಿಂದ ಒಂದು ಹಾಳೆ ತೆಗೆದರು. ಹಳೆಯ ನೋಟಿಸಿನ ಕಾರ್ಬನ್ ಪ್ರತಿ.

"ಒಂದು ಅಫಿಡವಿಟ್ ಬರ್ಕೊಡಮ್ಮ. ಅವತ್ತು ನಾನು ಹೇಳಿದ್ದು ಸುಳ್ಳು, ಅಂಟಿಸಿದ್ದು ನಿಜ, ನೀನು ಆ ಇಸ್ತ್ರಿಯಮ್ಮ ಇಬ್ಬರೂ ಅಲ್ಲೇ ಇದ್ರಿ ಅಂತ. ನೀನೂ ಸಾಕ್ಷಿ ಹಾಕು."

"ಯಾರಿಗೆ ಕೊಡ್ತೀರಾ ಅದನ್ನ?"

"ಯಾರಿಗಾದ್ರೂ. ಪೇಪರಿಗೆ. ಇಲ್ಲ, ಆ ಇಸ್ತ್ರಿಯಮ್ಮನಿಗೆ."

ನಾನು ವಕೀಲೆಯ ದನಿಯಲ್ಲಿ ಮಾತಾಡಿದೆ. ಆ ಸದನವೇ ಮುಗಿದುಹೋಯಿತು, ಇದರಿಂದ ಯಾರಿಗೂ ಏನೂ ಆಗುವುದಿಲ್ಲ, ಸುಳ್ಳು ಸಾಕ್ಷಿ ಹೇಳಿದೆ ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ, ಅಷ್ಟೇ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಂಬತ್ತು ಹತ್ತು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದುದು ಬಾಯಿಗೆ ಬಂತು. "ನನ್ನ ಸಹಿ ಸುಳ್ಳು ಅಂತ ಹೇಳಿ ಬಂದವರು ನೀವು ಮಾವ. ಈಗ ಅದೇ ಸಹಿ ಯಾಕೆ ಬೇಕು? ಪಕ್ಷದವರನ್ನೇ ಕೇಳಿ, ಹಾಕ್ತಾರೆ."

ಅವರು ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮತ್ತೆ ಮಡಿಸಿದರು. ಬೆರಳಿನ ನೀಲಿ ಅಂಚು ಮಾಸಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೆಳಗಿನ ಹೋಟೆಲಿನಿಂದ ಕಾಫಿ ತರಿಸಿದ್ದೆ. "ಕಾಫಿ ಕುಡಿದು ಹೋಗಿ" ಎಂದೆ. ಲೋಟವನ್ನೂ ನನ್ನನ್ನೂ ಒಂದು ಸಲ ನೋಡಿದರು, ಕಂಬಿ ಹಿಡಿದು ಮೆಟ್ಟಿಲು ಇಳಿದರು. ಸಹಿ ಆಗದ ಮನೆಯಲ್ಲಿ ಅವರು ಕಾಫಿ ಕುಡಿಯುವವರಲ್ಲ ಎಂದು ನನಗೆ ಹೊಳೆದದ್ದು ಅವರು ಬೀದಿಗೆ ಇಳಿದ ಮೇಲೆ.

ನಾಲ್ಕು ತಿಂಗಳಿಗೆ ಹೋಗಿಬಿಟ್ಟರು. ಬೆಳಿಗ್ಗೆ ಪೇಪರ್ ಓದುತ್ತಿದ್ದ ಹಾಗೇ ಹೃದಯ ನಿಂತಿತಂತೆ. ಪಕ್ಷದವರು ಬಂದು ಬಾವುಟ ಹೊದಿಸಿದರು. ಒಬ್ಬ ನಾಯಕ "ನಿಷ್ಠೆಗೆ ಇನ್ನೊಂದು ಹೆಸರು" ಎಂದು ಭಾಷಣ ಬಿಗಿದ. ಮಂತ್ರಿಯಾದ ಆ ಮಹಾನುಭಾವನೂ ಬಂದ, ಬೇರೆ ಪಕ್ಷದ ಶಾಲಿನಲ್ಲಿ, ಎಲ್ಲರಿಗಿಂತ ದೊಡ್ಡ ಹಾರ ಹೊತ್ತುಕೊಂಡು. ಹಳೇ ಸಂಗಾತಿಗಳು ಅವನಿಗೆ ದಾರಿ ಬಿಟ್ಟರು, ಕುರ್ಚಿ ಹಾಕಿದರು. ಇಬ್ಬರು ಅವನ ಜೊತೆ ನಗುತ್ತ ಮಾತಾಡುತ್ತಿದ್ದರು. ನಾನು ಅಳಲಿಲ್ಲ. ಅಳುವಷ್ಟು ಶುದ್ಧವಾಗಿ ನನಗೆ ದುಃಖವಾಗಲಿಲ್ಲ. ಸಿಟ್ಟೇ ಮುಂದೆ ನಿಂತಿತ್ತು, ಅವರ ಮೇಲೆ, ಇವರ ಮೇಲೆ, ನನ್ನ ಮೇಲೆ.

ವರ್ಷಾಂತಿಕ ಕಳೆದ ಮೇಲೆ ಅತ್ತೆ ಮನೆ ಖಾಲಿ ಮಾಡಿ ತಲಘಟ್ಟಪುರದಲ್ಲಿದ್ದ ತಂಗಿಯ ಮನೆಗೆ ಹೊರಟರು. ಸಾಮಾನು ಸಾಗಿಸುವಾಗ ನನ್ನನ್ನು ಕರೆದರು. "ಈ ಬೀರು ಮಾರೋಣ ಅಂದ್ರೆ ಬಾಗಿಲ ಒಳಗಡೆ ಏನೋ ಅಂಟಿಸ್ಬಿಟ್ಟಿದಾರೆ ಕಣೆ. ಬಿಸಿನೀರು ಹಾಕಿ ಕೆರೆದೆ, ಬರ್ತಾನೇ ಇಲ್ಲ. ನಿಂಗೇನಾದ್ರೂ ಬೇಕಾ ನೋಡು."

ಮರದ ಬೀರು. ಬಾಗಿಲಿನ ಒಳಮೈಗೆ ಆ ಕಾರ್ಬನ್ ಪ್ರತಿ. ಅದರ ಕೆಳಗೆ ಮಾವನ ಅಕ್ಷರ: "ಈ ನೋಟಿಸನ್ನು ನಾನೇ ಶಾಸಕರ ಮನೆ ಬಾಗಿಲಿಗೆ ಅಂಟಿಸಿದ್ದೇನೆ. ಸಾಕ್ಷಿಗಳಿಬ್ಬರೂ ಎದುರಿಗೇ ಇದ್ದರು. ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು." ಸಹಿ, ತಾರೀಖು. ತಾರೀಖು ಅವರು ನನ್ನ ಆಫೀಸಿಗೆ ಬಂದು ಬರಿಗೈಲಿ ಹೋದ ದಿನದ್ದು. ಅದರ ಕೆಳಗೆ ಸಾಕ್ಷಿಗಳಿಗೆಂದು ಎರಡು ಗೆರೆ ಎಳೆದು ಖಾಲಿ ಬಿಟ್ಟಿದ್ದರು.

ಬೀರು ನನ್ನ ಆಫೀಸಿಗೆ ಬಂತು. ಮೊದಲನೆಯ ಗೆರೆಯ ಮೇಲೆ ನಾನು ಸಹಿ ಹಾಕಿದೆ, ಆವತ್ತಿನ ಹಾಗೆಯೇ ಪೂರ್ತಿ ಹೆಸರು ಬರೆದು. ಆಮೇಲೆ ಪುಟ್ಟೇನಹಳ್ಳಿಗೆ ಹೋದೆ. ಇಸ್ತ್ರಿ ಅಕ್ಕನ ತಲೆ ನರೆತಿತ್ತು. ಎಲ್ಲವನ್ನೂ ಹೇಳಿದೆ. ಮಾವ ಬರೆದಿಟ್ಟಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಒಂದು ಸಲ ಬಂದು ಹೆಬ್ಬೆಟ್ಟು ಒತ್ತಿ ಹೋಗಿ ಅಕ್ಕ ಎಂದು ಕೇಳಿಕೊಂಡೆ.

ಅವಳು ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು ಕೇಳಿದಳು. "ಅವತ್ತು ಓದಿ ಹೇಳಿದ್ದು ನೀವೇ ಅಲ್ವಾ? ಏನೂ ಆಗಲ್ಲ ಅಕ್ಕ ಅಂದಿದ್ದು?"

"ಹೌದು."

"ಯಾರ ಕಾಗದಕ್ಕೂ ಒತ್ತಲ್ಲಮ್ಮ ಇನ್ನ" ಎಂದು ಪೆಟ್ಟಿಗೆ ಎತ್ತಿಕೊಂಡು ಮುಂದಿನ ಅಂಗಿ ಬಿಡಿಸಿದಳು.

ಬಾಯಿ ತೆರೆದು ಕ್ಷಮೆ ಕೇಳುವುದಕ್ಕೆ ನಾನು ಮಾವನಿಗೂ ಪುರುಸೊತ್ತು ಕೊಡಲಿಲ್ಲ, ಅವಳ ಮುಂದೆ ನನಗೂ ಬಾಯಿ ಬರಲಿಲ್ಲ. ಫೈಲಿಗಾಗಿ ಆ ಬೀರುವಿನ ಬಾಗಿಲನ್ನು ದಿನಕ್ಕೆ ಹತ್ತು ಸಲ ತೆಗೆಯುತ್ತೇನೆ. ಮೊದಲನೆಯ ಗೆರೆಯಲ್ಲಿ ನನ್ನ ಹೆಸರಿದೆ, ಎರಡನೆಯದು ಖಾಲಿ. ಗೋಂದು ಮಾತ್ರ ಇವತ್ತಿಗೂ ಒಂದು ಮೂಲೆಯಲ್ಲೂ ಎದ್ದಿಲ್ಲ.